ನಿರಾಶ್ರಿತರ ಬಂಧು ನಾನ್ಸೆನ್

ಉತ್ತರ ಧ್ರುವದ ಹಿಮರಾಶಿಯನ್ನು ಹೊಕ್ಕು ಹೊರಬಂದ ಸಾಹಸಿಗಳ ಕಥೆಯೆಂದರೆ ನಿಮಗೆಲ್ಲರಿಗೂ ಪ್ರೀತಿ. ಅಂಥ ಸಾಹಸಿಗಳಲ್ಲಿ ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ನರ ಹೆಸರು ಮೊದಲ ಸಾಲಿನಲ್ಲಿಯೇ ನಿಲ್ಲತಕ್ಕದ್ದು. ಆದರೆ ನಾವು ಈಗ ಹೇಳಹೊರಟಿರುವುದು ಮುಖ್ಯವಾಗಿ ಆ ಹಿಮದ ಕಥೆಯನ್ನಲ್ಲ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರು ಇನ್ನೊಂದು ಭಾರವನ್ನು ಹೆಗಲ ಮೇಲೆ ಹೊತ್ತರು. ಮನೆಮಠಗಳನ್ನು ಕಳೆದುಕೊಂಡು, ಹಸಿದು, ಎಷ್ಟೋ ಸಲ ಮೈಯಲ್ಲಿ ರೋಗವನ್ನೂ ಹೊತ್ತುಕೊಂಡು ಪರದೇಶಗಳ ಬಾಗಿಲಲ್ಲಿ ನಿಂತ ಲಕ್ಷಾಂತರ ಜನರ ಭಾರ ಅದು. ಹೀಗೆ ಬಂದವರನ್ನು ರೋಗದ ಭಯದಿಂದ ಹೊರಗೇ ನಿಲ್ಲಿಸಬೇಕೆ, ಅಥವಾ ಪರೀಕ್ಷಿಸಿ, ಶುಶ್ರೂಷೆ ಮಾಡಿ ಒಳಗೆ ಕರೆದುಕೊಳ್ಳಬೇಕೆ ಎಂಬ ಪ್ರಶ್ನೆ ಅವರ ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಎದುರಾಯಿತು.

ನಾನ್ಸೆನ್ನರು ಹುಟ್ಟಿದ್ದು 1861ನೆಯ ಇಸವಿ ಅಕ್ಟೋಬರ್ 10ರಂದು, ಇಂದು ಆಸ್ಲೋ ಎಂದು ಕರೆಯಲ್ಪಡುವ ರಾಜಧಾನಿಯ ಹೊರವಲಯದಲ್ಲಿ. ತಂದೆ ವಕೀಲರು, ಮಿತಭಾಷಿ, ಶಿಸ್ತಿನವರು. ತಾಯಿ ಗಟ್ಟಿಗಿತ್ತಿ, ಹೆಂಗಸರು ಹಿಮದ ಮೇಲೆ ಜಾರುಪಟ್ಟಿ ಕಟ್ಟಿಕೊಂಡು ಓಡುವುದು ಮರ್ಯಾದೆಯಲ್ಲವೆಂದು ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಆಕೆ ಅದನ್ನು ಲೆಕ್ಕಿಸದೆ ಜಾರುತ್ತಿದ್ದರು. ಹುಡುಗನೂ ನಡೆಯಲು ಕಲಿತ ಕೆಲಕಾಲಕ್ಕೆ ಜಾರಲು ಕಲಿತನು. ಹದಿನೈದು ವರ್ಷ ತುಂಬಿ ಕೆಲವು ತಿಂಗಳಾಗುವಷ್ಟರಲ್ಲಿ, 1877ರಲ್ಲಿ, ತಾಯಿ ತೀರಿಕೊಂಡರು.

ವಿಶ್ವವಿದ್ಯಾನಿಲಯದಲ್ಲಿ ಅವರು ಆರಿಸಿಕೊಂಡ ವಿಷಯ ಪ್ರಾಣಿಶಾಸ್ತ್ರ. 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಗ್ರೀನ್‌ಲ್ಯಾಂಡಿನ ಸಮೀಪದವರೆಗೆ ಹೋಗಿಬಂದು, ಅದೇ ವರ್ಷ ಬರ್ಗನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದರು. ಈ ಬರ್ಗನ್ ಪಟ್ಟಣವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಆ ಕಾಲದಲ್ಲಿ ಕುಷ್ಠರೋಗದ ಅಧ್ಯಯನಕ್ಕೆ ಹೆಸರಾದ ಊರು. ಅಲ್ಲಿಯ ವಸ್ತುಸಂಗ್ರಹಾಲಯದ ಹಿರಿಯರಾದ ಡ್ಯಾನಿಯೆಲ್ಸೆನ್ ಎಂಬ ವೈದ್ಯರು ಕುಷ್ಠವು ವಂಶಪಾರಂಪರ್ಯವಾಗಿ ಬರುವುದೆಂದು ನಂಬಿದವರು. ಅವರ ಅಳಿಯನಾದ ಆರ್ಮೌಯರ್ ಹ್ಯಾನ್ಸೆನ್ನರು 1873ರಲ್ಲಿ ಕುಷ್ಠದ ಕ್ರಿಮಿಯನ್ನು ಕಂಡುಹಿಡಿದು ಮಾವನ ಮತವನ್ನೇ ಬುಡಮೇಲು ಮಾಡಿದವರು. ರೋಗವು ಶಾಪವೂ ಅಲ್ಲ, ಕುಲದ ದೋಷವೂ ಅಲ್ಲ, ಅದು ಕಣ್ಣಿಗೆ ಕಾಣದ ಒಂದು ಜೀವಿಯ ಕೆಲಸ ಎಂಬ ತಿಳಿವಳಿಕೆ ಬೇರೂರುತ್ತಿದ್ದ ಊರಿನಲ್ಲಿ ಈ ತರುಣನು ಸೂಕ್ಷ್ಮದರ್ಶಕದ ಮುಂದೆ ಕುಳಿತು ಐದಾರು ವರ್ಷ ಕಳೆದನು. ಮುಂದೆ ಅವರು ಮಾಡಿದ ಕೆಲಸಕ್ಕೂ ಇದಕ್ಕೂ ನೇರವಾದ ಸಂಬಂಧವಿತ್ತೆಂದು ನಾವು ಸಾಧಿಸಲಾರೆವು. ಇದ್ದಿರಬಹುದೆಂದು ನಮ್ಮ ಊಹೆ.

ಅವರ ಸ್ವಂತ ಸಂಶೋಧನೆ ನರಮಂಡಲವನ್ನು ಕುರಿತದ್ದು. 1886ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿ, ನರತಂತುಗಳಿಗೆ ಬಣ್ಣ ಕೊಟ್ಟು ನೋಡುವ ಗಾಲ್ಜಿಯವರ ವಿಧಾನವನ್ನು ಕಲಿತು ಬಂದರು. 1888ರಲ್ಲಿ ಡಾಕ್ಟರ್ ಪದವಿಗಾಗಿ ಪ್ರಬಂಧವನ್ನು ಸಮರ್ಥಿಸಿದ ಕೆಲವೇ ದಿನಗಳಲ್ಲಿ ಗ್ರೀನ್‌ಲ್ಯಾಂಡಿನ ಹಿಮಸ್ತರವನ್ನು ಅಡ್ಡಲಾಗಿ ದಾಟಲು ಹೊರಟೇಬಿಟ್ಟರು. ಜೊತೆಗೆ ಐವರು. ಜನವಸತಿಯಿರುವುದು ಪಶ್ಚಿಮದ ಕರಾವಳಿಯಲ್ಲಿ. ಆದುದರಿಂದ ಅಲ್ಲಿಂದ ಹೊರಟು ಪೂರ್ವಕ್ಕೆ ಹೋಗುವುದು ಜಾಣತನವೆಂದು ಎಲ್ಲರೂ ಎಣಿಸಿದ್ದರು. ನಾನ್ಸೆನ್ನರು ನಿರ್ಜನವಾದ ಪೂರ್ವದಿಂದ ಹೊರಟರು. ಹಿಂದಕ್ಕೆ ತಿರುಗಿದರೆ ಅಲ್ಲಿ ಯಾರೂ ಇಲ್ಲ. ಮುಂದಕ್ಕೆ ಹೋದರೆ ಮಾತ್ರ ಬದುಕು. ಆರು ಮಂದಿಯೂ ಆ ಶರತ್ಕಾಲದಲ್ಲಿ ಪಶ್ಚಿಮ ತೀರವನ್ನು ಮುಟ್ಟಿದರು.

ಫ್ರಾಮ್ ಹಡಗಿನ ಕಥೆ ಇನ್ನೂ ದೊಡ್ಡದು. ಹಿಮದ ಒತ್ತಡಕ್ಕೆ ಸಿಕ್ಕಿದರೆ ನುಚ್ಚುನೂರಾಗದೆ ಮೇಲಕ್ಕೆ ಜಾರಿ ನಿಲ್ಲುವಂತೆ ದುಂಡಗಿನ ತಳದ ಹಡಗನ್ನು ಕಟ್ಟಿಸಿ, ಬೇಕೆಂದೇ ಅದನ್ನು ಹೆಪ್ಪುಗಟ್ಟಿದ ಸಮುದ್ರದಲ್ಲಿ ಸಿಕ್ಕಿಸಿ, ಹಿಮದ ಜೊತೆಯಲ್ಲಿಯೇ ಧ್ರುವದ ಕಡೆಗೆ ತೇಲಿಹೋಗುವುದೆಂದು ಅವರ ಯೋಜನೆ. 1893ರಲ್ಲಿ ಹದಿಮೂರು ಮಂದಿ ಹೊರಟರು. ಹಡಗು ಧ್ರುವವನ್ನು ತಲುಪಲಾರದೆಂದು ಕಂಡಾಗ, 1895ರ ಮಾರ್ಚಿಯಲ್ಲಿ, ನಾನ್ಸೆನ್ನರು ಯೋಹಾನ್ಸೆನ್ ಎಂಬ ಸಂಗಾತಿಯೊಡನೆ ನಾಯಿಬಂಡಿಗಳೊಂದಿಗೆ ಹಿಮದ ಮೇಲಿಳಿದರು. 86 ಡಿಗ್ರಿ 14 ಮಿನಿಟ್ ಉತ್ತರ ಅಕ್ಷಾಂಶದವರೆಗೆ ಹೋದರು. ಅದುವರೆಗೆ ಮನುಷ್ಯರಾರೂ ಅಷ್ಟು ದೂರ ಹೋಗಿರಲಿಲ್ಲ. ಹಿಂದಿರುಗುವಾಗ ಚಳಿಗಾಲ ಕವಿದು, ಕಲ್ಲು ಮತ್ತು ಕಡಲ್ಗುದುರೆಯ ಚರ್ಮಗಳ ಗುಡಿಸಲಿನಲ್ಲಿ ಕರಡಿಯ ಮಾಂಸ ತಿನ್ನುತ್ತ ತಿಂಗಳುಗಟ್ಟಲೆ ಕಳೆದರು. 1896ರಲ್ಲಿ ಎಲ್ಲರೂ ಜೀವಂತರಾಗಿ ಊರು ಸೇರಿದರು. ಆಮೇಲೆ ಸಮುದ್ರಶಾಸ್ತ್ರದ ಅಧ್ಯಯನ, 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಬೇರೆಯಾದಾಗ ರಾಜಕಾರ್ಯ, 1906ರಿಂದ ಎರಡು ವರ್ಷ ಲಂಡನ್ನಿನಲ್ಲಿ ರಾಯಭಾರಿತ್ವ. 1907ರ ಕೊನೆಯಲ್ಲಿ ಪತ್ನಿ ಏವಾ ನ್ಯುಮೋನಿಯಾದಿಂದ ತೀರಿಕೊಂಡರು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿಯಿತು. ಆದರೆ ಸೆರೆಸಿಕ್ಕ ಸೈನಿಕರು ಮನೆ ಸೇರಲಿಲ್ಲ. ರಷ್ಯದಲ್ಲಿಯೂ ಸೈಬೀರಿಯದಲ್ಲಿಯೂ ಜರ್ಮನಿ, ಆಸ್ಟ್ರಿಯ, ಹಂಗೇರಿಗಳ ಸೈನಿಕರು. ಇತ್ತ ಜರ್ಮನಿಯಲ್ಲಿ ರಷ್ಯದ ಸೈನಿಕರು. ಹೊಸದಾಗಿ ಹುಟ್ಟಿದ ರಾಷ್ಟ್ರಸಂಘವು 1920ರ ಏಪ್ರಿಲಿನಲ್ಲಿ ಇವರನ್ನು ಊರು ಸೇರಿಸುವ ಹೊಣೆಯನ್ನು ನಾನ್ಸೆನ್ನರಿಗೆ ಒಪ್ಪಿಸಿತು. ಸೋವಿಯತ್ ಸರಕಾರವು ರಾಷ್ಟ್ರಸಂಘವನ್ನು ಮನ್ನಿಸುತ್ತಿರಲಿಲ್ಲ. ಆದರೆ ನಾನ್ಸೆನ್ ಎಂಬ ವ್ಯಕ್ತಿಯೊಡನೆ ಮಾತನಾಡಲು ಒಪ್ಪಿತು. ಹಣವಿಲ್ಲ, ಹಡಗುಗಳಿಲ್ಲ, ರಷ್ಯದ ರೈಲುಗಳು ಕೆಟ್ಟು ನಿಂತಿದ್ದುವು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಟೈಫಸ್ ಜ್ವರ.

ಇದನ್ನು ನೀವು ಕೇಳಿಬಲ್ಲ ಟೈಫಾಯ್ಡ್ ಎಂದು ತಿಳಿಯಬಾರದು. ಟೈಫಾಯ್ಡ್ ನೀರು ಆಹಾರಗಳಿಂದ ಬರುವುದು. ಟೈಫಸ್ಸನ್ನು ತರುವುದು ಕೂರೆ. ಬಟ್ಟೆಯ ಹೊಲಿಗೆಗಳಲ್ಲಿ ಅಡಗಿದ್ದು ಮೈಯ ರಕ್ತವನ್ನು ಹೀರುವ ಜಂತು ಅದು. ಕೂರೆಯೇ ಈ ಜ್ವರದ ವಾಹನವೆಂದು 1909ರಲ್ಲಿ ಟ್ಯೂನಿಸ್ಸಿನಲ್ಲಿ ಶಾರ್ಲ್ ನಿಕೋಲ್ ಎಂಬ ಫ್ರೆಂಚ್ ವೈದ್ಯರು ತೋರಿಸಿಕೊಟ್ಟಿದ್ದರು. ಕೂರೆಯ ಮಲದಲ್ಲಿರುವ ರೋಗಾಣು, ಮೈ ಕೆರೆದುಕೊಂಡಾಗ ಆಗುವ ಸಣ್ಣ ಗಾಯದ ಮೂಲಕ ರಕ್ತವನ್ನು ಸೇರುತ್ತದೆ. ಆ ರೋಗಾಣುವಿಗೆ ಇಟ್ಟಿರುವ ಹೆಸರು, ಅದನ್ನು ಹುಡುಕುತ್ತ ಅದೇ ಜ್ವರಕ್ಕೆ ಬಲಿಯಾದ ರಿಕೆಟ್ಸ್ ಮತ್ತು ಪ್ರೊವಾಜೆಕ್ ಎಂಬ ಇಬ್ಬರು ವಿಜ್ಞಾನಿಗಳದು. ಯುದ್ಧ, ಕ್ಷಾಮ, ಚಳಿ, ಒಂದೇ ಬಟ್ಟೆಯಲ್ಲಿ ವಾರಗಟ್ಟಲೆ ಪ್ರಯಾಣ: ಕೂರೆಗೆ ಇದಕ್ಕಿಂತ ಸುಭಿಕ್ಷವಿಲ್ಲ. ಅಂದಿನ ವರ್ಷಗಳಲ್ಲಿ ರಷ್ಯದಲ್ಲಿ ಕೋಟಿಗಟ್ಟಲೆ ಜನ ಈ ಜ್ವರದಿಂದ ಮಲಗಿದರೆಂದೂ ಸುಮಾರು 30 ಲಕ್ಷ ಮಂದಿ ಸತ್ತರೆಂದೂ ಅಂದಾಜು ಮಾಡಿದ್ದಾರೆ.

ಇನ್ನೊಂದು ಕಷ್ಟವೂ ಇತ್ತು. ರೋಗಾಣು ಮೈ ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಹತ್ತು ಹದಿನಾಲ್ಕು ದಿನಗಳು ಬೇಕು. ಇಂದು ಗಡಿಯಲ್ಲಿ ನಗುತ್ತ ನಿಂತವನು ಮುಂದಿನ ವಾರ ಸನ್ನಿಯಲ್ಲಿ ಬಡಬಡಿಸಬಹುದು. ಸಾವಿರಾರು ಜನ ರೈಲಿನಿಂದ ಇಳಿಯುವಲ್ಲಿ ವೈದ್ಯರ ಕೈಯಲ್ಲಿದ್ದುದು ಬಹುಮಟ್ಟಿಗೆ ತಮ್ಮ ಕಣ್ಣು, ಒಂದು ಉಷ್ಣಮಾಪಕ, ಇಷ್ಟೇ. ಆದುದರಿಂದ ಯಾರು ರೋಗಿ, ಯಾರು ಅಲ್ಲ ಎಂದು ಆರಿಸುತ್ತ ಕೂಡದೆ, ಬಂದವರೆಲ್ಲರನ್ನೂ ಶುಚಿಮಾಡುವುದೇ ಉಪಾಯವಾಯಿತು. ಎಸ್ತೋನಿಯದ ನಾರ್ವಾ ಎಂಬಲ್ಲಿ ಹಳೆಯ ಕೋಟೆಯನ್ನೇ ಶಿಬಿರ ಮಾಡಿದರು. ರಷ್ಯದಿಂದ ಬಂದ ಸೆರೆಯಾಳುಗಳಿಗೆ ಅಲ್ಲಿ ಸ್ನಾನ, ಬಟ್ಟೆಗಳಿಗೆ ಬಿಸಿ ಆವಿಯ ಶೋಧನೆ, ಜ್ವರವಿದ್ದವರಿಗೆ ಶುಶ್ರೂಷೆ, ಉಳಿದವರಿಗೆ ಹಡಗು. ಅಲ್ಲಿಂದ ಬಾಲ್ಟಿಕ್ ಸಮುದ್ರದ ಮೇಲೆ ಜರ್ಮನಿಯ ಸ್ಟೆಟಿನ್ ಬಂದರಿಗೆ. ಅದೇ ಹಡಗುಗಳು ಹಿಂದಿರುಗುವಾಗ ರಷ್ಯದ ಸೆರೆಯಾಳುಗಳನ್ನು ತರುತ್ತಿದ್ದುವು. 1922ರ ಹೊತ್ತಿಗೆ ಊರು ಸೇರಿದವರ ಲೆಕ್ಕ 4,27,886. ತಲೆಗೆ ಒಂದು ಪೌಂಡಿನಷ್ಟೂ ವೆಚ್ಚವಾಗಲಿಲ್ಲ.

ಇದು ಸುಲಭವಾದ ಮಾತೆಂದು ನಿಮಗೆ ತೋರಬಹುದು. ಹಾಗಲ್ಲ. ಪರೀಕ್ಷೆಯೆಂದರೆ ಜನರಿಗೆ ಹೆದರಿಕೆ ಹುಟ್ಟುವಂತೆ ಮಾಡುವುದು ಬಹಳ ಸುಲಭ. ದೂರದ ಉದಾಹರಣೆ ಏಕೆ? ನಾವಿರುವ ಈ ಮುಂಬಯಿಯಲ್ಲಿಯೇ 1896ರಲ್ಲಿ ಪ್ಲೇಗು ತೋರಿದಾಗ, ಮನೆಮನೆಯನ್ನು ಶೋಧಿಸುವವರೂ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ಮುಟ್ಟಿ ನೋಡುವವರೂ ಬಂದರು. ಸಿಕ್ಕವರನ್ನು ಆಸ್ಪತ್ರೆಗೆ ಎಳೆದೊಯ್ಯುವರೆಂಬ ಭಯದಿಂದ ಜನ ರೋಗಿಗಳನ್ನು ಅಡಗಿಸಿಟ್ಟರು. ಲಕ್ಷಗಟ್ಟಲೆ ಮಂದಿ ಊರನ್ನೇ ಬಿಟ್ಟು ಓಡಿದರು. ಓಡಿದವರೊಡನೆ ರೋಗವೂ ಪ್ರಯಾಣ ಮಾಡಿತು. ನಾರ್ವಾದ ಕೋಟೆಗೆ ಬಂದವರು ಅಡಗಿಕೊಳ್ಳಲಿಲ್ಲ. ಏಕೆಂದರೆ ಸ್ನಾನದ ಮನೆಯ ಆಚೆಯ ಬಾಗಿಲಲ್ಲಿ ಊರಿಗೆ ಹೋಗುವ ಹಡಗು ನಿಂತಿತ್ತು.

1921ರ ಬೇಸಗೆಯಲ್ಲಿ ವೋಲ್ಗಾ ನದಿಯ ಪ್ರಾಂತದಲ್ಲಿ ಮಳೆಯಿಲ್ಲದೆ ಭಯಂಕರವಾದ ಕ್ಷಾಮ ತಲೆದೋರಿತು. ನಾನ್ಸೆನ್ನರು ಜಿನೀವಾದಲ್ಲಿ ರಾಷ್ಟ್ರಸಂಘದ ಮುಂದೆ ನಿಂತು ಸರಕಾರಗಳಿಂದ ಸಾಲ ಬೇಡಿದರು. ಸೋವಿಯತ್ ಸರಕಾರಕ್ಕೆ ಬಲ ಬರುವುದೆಂಬ ಶಂಕೆಯಿಂದ ಸರಕಾರಗಳು ಕೈ ಬಿಚ್ಚಲಿಲ್ಲ. ಹಿಮದಲ್ಲಿ ಸೋಲದ ಮನುಷ್ಯನು ಸಭಾಂಗಣದಲ್ಲಿ ಸೋತರು. ಖಾಸಗಿ ಜನರಿಂದ ಕೂಡಿಸಿದ ಹಣದಿಂದಲೇ ಕೆಲಸ ನಡೆಸಿದರು. ಆ ವರ್ಷ ಎಲ್ಲಕ್ಕಿಂತ ಹೆಚ್ಚಿನ ಅನ್ನ ಬಂದದ್ದು ಅಮೆರಿಕದ ಪರಿಹಾರ ಸಂಸ್ಥೆಯಿಂದ ಎಂಬುದನ್ನೂ ಹೇಳಬೇಕು. ಅವರೊಡನೆ ಕ್ಷಾಮದ ಪ್ರಾಂತವನ್ನು ನೋಡಲು ಹೋದ ಇಂಗ್ಲಿಷ್ ವೈದ್ಯ ಫ್ಯಾರರ್ ಅವರು ಟೈಫಸ್ ತಗುಲಿ ಆ ವರ್ಷದ ಕೊನೆಯಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಪರೀಕ್ಷಿಸುವವನೂ ಪರೀಕ್ಷಿಸಲ್ಪಡುವವನೂ ಒಂದೇ ಕೂರೆಗೆ ಆಹಾರ.

ಅದೇ 1921ರಲ್ಲಿ ರಾಷ್ಟ್ರಸಂಘವು ಅವರನ್ನು ರಷ್ಯದ ನಿರಾಶ್ರಿತರ ಹೈಕಮಿಷನರರನ್ನಾಗಿ ನೇಮಿಸಿತು. ಕ್ರಾಂತಿಯಿಂದಲೂ ಒಳಯುದ್ಧದಿಂದಲೂ ದೇಶ ಬಿಟ್ಟವರು ಸುಮಾರು ಹದಿನೈದು ಲಕ್ಷ. ಆ ಡಿಸೆಂಬರಿನಲ್ಲಿ ಸೋವಿಯತ್ ಸರಕಾರವು ಇವರಲ್ಲಿ ಬಹುತೇಕ ಎಲ್ಲರ ಪೌರತ್ವವನ್ನು ತೆಗೆದುಹಾಕಿತು. ಯಾವ ದೇಶಕ್ಕೂ ಸೇರದವನಿಗೆ ರಹದಾರಿ ಕೊಡುವವರಾರು? ರಹದಾರಿಯಿಲ್ಲದವನನ್ನು ಗಡಿಯೊಳಗೆ ಬಿಡುವವರಾರು? ಗಡಿಗಳಲ್ಲಿ ಪಡೆಯ ಕಾವಲಿನ ಜೊತೆಗೆ ಆರೋಗ್ಯದ ಕಾವಲೂ ಬಂದಿತ್ತು. ಪೋಲೆಂಡ್ ತನ್ನ ಪೂರ್ವದ ಗಡಿಯುದ್ದಕ್ಕೂ ತಡೆಠಾಣ್ಯಗಳನ್ನು ಕಟ್ಟಿ, ಬರುವವರನ್ನೆಲ್ಲ ನಿಲ್ಲಿಸಿ ಶುಚಿಮಾಡಿ ಬಿಡುತ್ತಿತ್ತು. ಅಲ್ಲಿಯೂ ಜನ ತಡೆದುನಿಂತರೇ ಹೊರತು ತೀರ ಹಿಂದಟ್ಟಲ್ಪಡಲಿಲ್ಲ. ಯುರೋಪಿನ ಎಲ್ಲ ಬಾಗಿಲುಗಳ ವಿಷಯದಲ್ಲಿ ಈ ಮಾತನ್ನು ಹೇಳುವಂತಿರಲಿಲ್ಲ.

ನಾನ್ಸೆನ್ನರ ಉತ್ತರ ಒಂದು ಹಾಳೆ ಕಾಗದ. 1922ರ ಜುಲೈಯಲ್ಲಿ ಜಿನೀವಾದಲ್ಲಿ ಸರಕಾರಗಳನ್ನು ಕೂಡಿಸಿ, ನಿರಾಶ್ರಿತನ ಹೆಸರು, ಹುಟ್ಟೂರು, ಭಾವಚಿತ್ರಗಳುಳ್ಳ ಒಂದು ಪ್ರಮಾಣಪತ್ರಕ್ಕೆ ಒಪ್ಪಿಗೆ ಪಡೆದರು. ಜನ ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಎಂದು ಕರೆದರು. ಅದರಿಂದ ಪೌರತ್ವ ಸಿಗುತ್ತಿರಲಿಲ್ಲ; ಆದರೆ ಹಿಡಿದವನು ಯಾರೆಂದು ಹೇಳುವ ಶಕ್ತಿ ಅದಕ್ಕಿತ್ತು. ಮುಂದೆ ಐವತ್ತಕ್ಕೂ ಹೆಚ್ಚು ಸರಕಾರಗಳು ಅದನ್ನು ಮನ್ನಿಸಿದುವು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಅವರೂ ಇದನ್ನು ಹಿಡಿದೇ ಗಡಿ ದಾಟಿದವರು. ನಮ್ಮ ಅಭಿಪ್ರಾಯದಲ್ಲಿ ಫ್ರಾಮ್ ಹಡಗಿಗಿಂತಲೂ ಈ ಕಾಗದವೇ ದೊಡ್ಡ ನಿರ್ಮಾಣ. ಹೆಸರಿಲ್ಲದವನು ರೋಗಿಯಾದರೆ ಲೆಕ್ಕದ ಒಂದು ಅಂಕೆ ಮಾತ್ರ. ಹೆಸರುಳ್ಳವನಾದರೆ ಅವನನ್ನು ಹುಡುಕಿ ಮತ್ತೆ ಔಷಧ ಕೊಡಬಹುದು.

1922ರ ಸೆಪ್ಟೆಂಬರಿನಲ್ಲಿ ಏಷ್ಯ ಮೈನರಿನ ಸ್ಮರ್ನಾ ಪಟ್ಟಣ ಸುಟ್ಟು ಬೂದಿಯಾಯಿತು. ಗ್ರೀಕರು ಹಡಗು ಹಡಗಾಗಿ ಗ್ರೀಸ್ ದೇಶಕ್ಕೆ ಓಡಿಬಂದರು. ಸುಮಾರು 50 ಲಕ್ಷ ಜನರಿದ್ದ ದೇಶದೊಳಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು! ನಾಟಕಶಾಲೆ, ಶಾಲೆ, ಚರ್ಚು, ಉಗ್ರಾಣ, ಎಲ್ಲೆಲ್ಲಿಯೂ ಜನ. ಟೈಫಸ್ ಮತ್ತು ಸಿಡುಬು ಎರಡೂ ಹರಡಿದುವು. ನಾನ್ಸೆನ್ನರು ಅಲ್ಲಿಗೆ ಧಾವಿಸಿದರು. ರಾಷ್ಟ್ರಸಂಘದ ಸಾಂಕ್ರಾಮಿಕ ರೋಗಗಳ ಆಯೋಗದ ವೈದ್ಯರು ಶಿಬಿರಗಳಲ್ಲಿ ಸಿಡುಬು, ಕಾಲರಾ, ಟೈಫಾಯ್ಡುಗಳಿಗೆ ಚುಚ್ಚುಮದ್ದು ಹಾಕುತ್ತ ಹೋದರು.

ಮುಂದಿನ ವರ್ಷದ ಒಂದು ಸಂಗತಿ ನಾನ್ಸೆನ್ನರ ಸ್ವಂತ ಕಾರ್ಯವಲ್ಲ. ಆದರೂ ಹೇಳದೆ ಇರಲಾರೆವು. ಕಪ್ಪು ಸಮುದ್ರದ ರೇವುಗಳಿಂದ ಹೊರಟ ಹಡಗುಗಳಲ್ಲಿ ಜನ ದಾರಿಯಲ್ಲಿಯೇ ಟೈಫಸ್ಸಿನಿಂದಲೂ ಸಿಡುಬಿನಿಂದಲೂ ಸಾಯುತ್ತಿದ್ದರು. ಇಂಥ ಹಡಗುಗಳನ್ನು ರೇವಿಗೆ ಬಿಡಲು ಯಾರಿಗೂ ಮನಸ್ಸಿಲ್ಲ. ಆಗ ಅಮೆರಿಕದ ಮಹಿಳಾ ವೈದ್ಯರ ಸಂಸ್ಥೆಯೊಂದು ಅಥೆನ್ಸಿನ ಆಗ್ನೇಯಕ್ಕಿರುವ ಮಕ್ರೋನಿಸಿ ಎಂಬ ಬರಡು ದ್ವೀಪದಲ್ಲಿ ತಡೆಠಾಣ್ಯವನ್ನು ತೆರೆಯಿತು. ದ್ವೀಪದಲ್ಲಿ ಕುಡಿಯುವ ನೀರಿಲ್ಲ. ಅದನ್ನೂ ಹಡಗಿನಲ್ಲಿ ತರಬೇಕು. ಬಂದವರ ತಲೆ ಬೋಳಿಸಿ, ಬಟ್ಟೆ ಬೇಯಿಸಿ, ರೋಗಿಗಳನ್ನು ಡೇರೆಗಳಲ್ಲಿ ಮಲಗಿಸಿ, ಗುಣವಾದವರನ್ನು ನಾಡಿಗೆ ಕಳುಹಿಸಿದರು. ಸತ್ತವರನ್ನು ಅಲ್ಲಿಯೇ ಮಣ್ಣು ಮಾಡಿದರು. ಬಂದವರನ್ನು ಮುಟ್ಟಲು ಒಪ್ಪಿದವರು ಆ ಹೆಂಗಸರು.

1923ರ ಜನವರಿಯಲ್ಲಿ ಲೋಸಾನ್ನಿನಲ್ಲಿ ಗ್ರೀಸ್ ಮತ್ತು ತುರ್ಕಿಗಳು ಪರಸ್ಪರ ಜನವಿನಿಮಯದ ಒಪ್ಪಂದ ಮಾಡಿಕೊಂಡುವು. ಮತವನ್ನು ನೋಡಿ ಜನರನ್ನು ಕಡ್ಡಾಯವಾಗಿ ಊರು ಬಿಡಿಸುವ ಈ ಏರ್ಪಾಟಿಗೆ ನಾನ್ಸೆನ್ನರ ಸಲಹೆಯೂ ಇತ್ತು. ಕೊಲೆಗಳನ್ನು ತಡೆಯಲು ಬೇರೆ ದಾರಿ ಅವರಿಗೆ ಕಾಣಲಿಲ್ಲ ಎನ್ನುವರು. ಅವರ ಜೀವನದಲ್ಲಿ ನಾವು ಮನಃಪೂರ್ವಕವಾಗಿ ಹೊಗಳಲಾರದ ಅಧ್ಯಾಯ ಇದೊಂದು. 1947ರ ಇತಿಹಾಸವನ್ನು ಓದಿದ ನಿಮಗೆ ಕಾರಣವನ್ನು ವಿವರಿಸಬೇಕಾಗಿಲ್ಲ.

1922ರ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಬಂತು. ಹಣವನ್ನು ಪರಿಹಾರಕಾರ್ಯಕ್ಕೇ ಹಾಕಿದರು. ಡೆನ್ಮಾರ್ಕಿನ ಪ್ರಕಾಶಕರೊಬ್ಬರು ಅಷ್ಟೇ ಮೊತ್ತವನ್ನು ತಮ್ಮ ಕಡೆಯಿಂದ ಸೇರಿಸಿದರು. ಆರ್ಮೀನಿಯನ್ ನಿರಾಶ್ರಿತರಿಗೆ ಏರಿವಾನಿನ ಬಯಲಿನಲ್ಲಿ ನೆಲೆ ಕೊಡಿಸಬೇಕೆಂದು 1925ರಲ್ಲಿ ಆ ದೇಶಕ್ಕೆ ಹೋಗಿಬಂದು ಯೋಜನೆ ಹಾಕಿದರು. ಮತ್ತೆ ಹಣ ಬರಲಿಲ್ಲ. 1930ರ ಮೇ 13ರಂದು, ಲಿಸಾಕರಿನ ತಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದಂತೆಯೇ ಅವರ ಪ್ರಾಣ ಹೋಯಿತು. ನಾಲ್ಕು ದಿನಗಳ ಮೇಲೆ, ನಾರ್ವೆಯ ರಾಷ್ಟ್ರೀಯ ಹಬ್ಬದ ದಿನ, ಅವರ ಶವಯಾತ್ರೆ ನಡೆಯಿತು.

ಅವರು ಬಿಟ್ಟುಹೋದ ಕೆಲಸ ನಿಲ್ಲಲಿಲ್ಲ. 1951ರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರ ಕಚೇರಿ ಅದನ್ನು ನಡೆಸಿಕೊಂಡು ಬಂದಿದೆ. ರೋಗಗಳು ಮಾತ್ರ ಬದಲಾದುವು. 1975ರಿಂದ ವಿಯೆಟ್ನಾಮಿನ ಜನ ದೋಣಿಗಳಲ್ಲಿ ದೇಶ ಬಿಟ್ಟು ಹೊರಟಾಗ, ಅಮೆರಿಕಕ್ಕೆ ಹೋದವರ ರಕ್ತವನ್ನು ಪರೀಕ್ಷಿಸಿದ ವೈದ್ಯರಿಗೆ ನೂರರಲ್ಲಿ ಹತ್ತಕ್ಕೂ ಹೆಚ್ಚು ಮಂದಿಯಲ್ಲಿ ಹೆಪಟೈಟಿಸ್ ಬಿ ಎಂಬ ವಿಷಾಣು ಕಂಡುಬಂತು. ಇದು ಯಕೃತ್ತಿನ ರೋಗ. ಕಾಮಾಲೆಯಾಗಿ ಕಾಣಿಸಿಕೊಂಡು ಹೋಗಬಹುದು. ಏನನ್ನೂ ತೋರಿಸದೆ ದಶಕಗಟ್ಟಲೆ ಮೈಯಲ್ಲಿದ್ದು ಕೊನೆಗೆ ಯಕೃತ್ತನ್ನೇ ಕೆಡಿಸಬಹುದು, ಅರ್ಬುದವನ್ನೂ ತರಬಹುದು. ಹುಟ್ಟುವಾಗ ತಾಯಿಯಿಂದ ಇದನ್ನು ಪಡೆದ ಶಿಶುಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಅದು ಬೇರೂರಿ ನಿಲ್ಲುತ್ತದೆ. ಟೈಫಸ್ ಹತ್ತು ದಿನ ಅಡಗಿದರೆ ಇದು ಮೂವತ್ತು ವರ್ಷ ಅಡಗೀತು. ಆದರೆ ವೈದ್ಯರ ಕೈಯಲ್ಲಿ ಈಗ ಬರಿಯ ಉಷ್ಣಮಾಪಕವಲ್ಲ, ರಕ್ತದ ಪರೀಕ್ಷೆಯಿದೆ. 1960ರ ದಶಕದಲ್ಲಿ ಬ್ಲಂಬರ್ಗ್ ಎಂಬ ವಿಜ್ಞಾನಿಯು ಆಸ್ಟ್ರೇಲಿಯದ ಒಬ್ಬ ಆದಿವಾಸಿಯ ರಕ್ತದಲ್ಲಿ ಈ ವಿಷಾಣುವಿನ ಗುರುತನ್ನು ಮೊದಲು ಕಂಡರು. 1980ರ ದಶಕದ ಆರಂಭಕ್ಕೆ ಲಸಿಕೆಯೂ ಬಂತು.

ಅಮೆರಿಕಕ್ಕೆ ಹೋಗುವ ನಿರಾಶ್ರಿತನ ರಕ್ತದಲ್ಲಿ ಇದು ಕಂಡುಬಂದರೆ, ಅದೊಂದೇ ಕಾರಣದಿಂದ ಅವನನ್ನು ಹೊರಗೆ ನಿಲ್ಲಿಸುವ ನಿಯಮವಿಲ್ಲ. ವರ್ಷವರ್ಷವೂ ಅವನ ಯಕೃತ್ತನ್ನು ನೋಡುತ್ತಾರೆ, ಬೇಕಾದರೆ ಔಷಧ ಕೊಡುತ್ತಾರೆ. ಮನೆಯವರನ್ನು ಪರೀಕ್ಷಿಸಿ, ರೋಗವಿಲ್ಲದವರಿಗೆ ಲಸಿಕೆ ಹಾಕುತ್ತಾರೆ. ಸೋಂಕುಳ್ಳ ತಾಯಿಯ ಶಿಶುವಿಗೆ ಹುಟ್ಟಿದ ಹನ್ನೆರಡು ಗಂಟೆಗಳೊಳಗೆ ಮೊದಲನೆಯ ಲಸಿಕೆ. ನಾರ್ವಾದ ಸ್ನಾನದ ಮನೆಗೆ ಇದು ದೂರದ ನೆಂಟನೆಂದು ನಮಗೆ ತೋರುತ್ತದೆ.

ನಮಗೆ ಈ ನಾನ್ಸೆನ್ನರ ಜೀವನವನ್ನು ಹುಡುಕಿ ಓದುವ ಸಂದರ್ಭ ಬಂದ ಬಗೆಯನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ ನಾವು ಪಾಠ ಹೇಳುತ್ತಿದ್ದಾಗ, ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನ ರಕ್ತದಲ್ಲಿ ಇದೇ ವಿಷಾಣು ಇರುವುದು ತಿಳಿಯಿತು. ಸುದ್ದಿ ತರಗತಿಗೆ ಹೇಗೋ ಹಬ್ಬಿತು. ಪಕ್ಕದಲ್ಲಿ ಕೂಡುವವರ ತಂದೆತಾಯಿಗಳು ಬಂದು ಅವನನ್ನು ಬೇರೆ ಕೂಡಿಸಬೇಕೆಂದರು. ನಾವು ಪುಸ್ತಕ ಓದಿದವರು, ಆದರೂ ಹೆದರಿದೆವು; ಕಿಟಕಿಯ ಬಳಿ ಒಂಟಿ ಬೆಂಚಿನಲ್ಲಿ ಅವನನ್ನು ಕೂಡಿಸಿದೆವು. ನಾಲ್ಕು ದಿನ ಅವನು ಅಲ್ಲಿ ಕುಳಿತನು. ಐದನೆಯ ದಿನ ನಮಗೆ ಪರಿಚಯದ ವೈದ್ಯರೊಬ್ಬರನ್ನು ಕಂಡು ಕೇಳಿದೆವು. ಇದು ರಕ್ತದಿಂದ, ಶುದ್ಧಿಮಾಡದ ಸೂಜಿಯಿಂದ, ತಾಯಿಯಿಂದ ಶಿಶುವಿಗೆ, ಹೀಗೆ ಹರಡುವುದೇ ಹೊರತು ಜೊತೆಗೆ ಕೂತರೆ, ಉಂಡರೆ, ಕೆಮ್ಮಿದರೆ, ಕೈ ಹಿಡಿದರೆ ಬರುವುದಿಲ್ಲವೆಂದು ಅವರು ತಿಳಿಸಿಕೊಟ್ಟರು. ಮರುದಿನ ತಂದೆತಾಯಿಗಳನ್ನು ಕರೆಸಿ ನಾವೂ ಅದನ್ನೇ ಹೇಳಿದೆವು. ಉಳಿದ ಹುಡುಗರಿಗೆ ಲಸಿಕೆಯಾಗಿದೆಯೇ ಎಂದು ವಿಚಾರಿಸಿ, ಆಗದವರನ್ನು ಕಳುಹಿಸಿದೆವು. ಹುಡುಗನು ಚೀಲವನ್ನೆತ್ತಿಕೊಂಡು ಮೂರನೆಯ ಬೆಂಚಿಗೆ, ತನ್ನ ಹಳೆಯ ಜಾಗಕ್ಕೆ ಹೋದನು. ಪಕ್ಕದವನು ತನ್ನ ಪುಸ್ತಕಗಳನ್ನು ಸರಿಸಿ ಎಡೆ ಮಾಡಿಕೊಟ್ಟನು.